ಹನ್ನೆರಡು ಬಾಯಿ, ಒಂದೇ ನಳಿಕೆ

ಮುದ್ದು ನೀಮಿಯಾ,

ನಿನ್ನ ಕಾಗದ ಓದಿ ನಿನ್ನತ್ತೆ ರಮೋನಾ ಬಿದ್ದು ಬಿದ್ದು ನಕ್ಕಳು, ಒಲೆ ಮೇಲಿನ ಮರಗೆಣಸು ಸೀದೇ ಹೋಯಿತು. "ಮಾಮಾ, ನಿನ್ನ ಬಾಯಲ್ಲಿ ನೀನೊಬ್ಬನೇ ಇಲ್ಲ, ಹನ್ನೆರಡು ಗಂಡಸರಿದ್ದಾರೆ" ಅಂತ ಬರೆದಿದ್ದೀಯಲ್ಲ!

ತಪ್ಪು, ಪರೀಕ್ಷೆಯ ಹತ್ತಿಕಡ್ಡಿಗಳ ಜೊತೆ ನೀನು ಕೊಟ್ಟ ಚೀಟಿಯದು ಮಗಳೇ. "ಬೆಳಗಿನಿಂದ ಏನೂ ತಿನ್ನಬೇಡಿ, ಕುಡಿಯಬೇಡಿ" ಅಂತಿತ್ತು. ತಿನ್ನಲಿಲ್ಲ, ಕುಡಿಯಲಿಲ್ಲ. ಮಾಟೆ ಸೊಪ್ಪಿನ ಕಷಾಯವನ್ನು ಕುಡಿಯುವುದು ಅಂತ ಯಾರಾದರೂ ಎಣಿಸುತ್ತಾರೆಯೇ? ಉಸಿರಾಡಬೇಡಿ ಅಂತ ಬರೆದಿದ್ದರೆ ಯೋಚಿಸುತ್ತಿದ್ದೆವು. ಎಂದಿನಂತೆ ಸೊಪ್ಪು ಒಣಗಿಸುವ ಹೊಗೆಗೂಡಿನ ಮುಂದೆ ಹನ್ನೆರಡೂ ಜನ ಕೂತು, ಒಂದೇ ಸೋರೆಬುರುಡೆಗೆ ಒಂದೇ ನಳಿಕೆ ಇಟ್ಟು ನಾಲ್ಕು ಸುತ್ತು ಹೀರಿದೆವು. ಆಮೇಲೆ ಕೆನ್ನೆಯೊಳಗೆ ನಿನ್ನ ಹತ್ತಿಕಡ್ಡಿ ಆಡಿಸಿದೆವು; ಒಬ್ಬನ ಕಡ್ಡಿಗೆ ಎಲ್ಲರ ಎಂಜಲೂ ಬಂತು.

ಕಡ್ಡಿ ಕೊಡಲು ನೀನು ಬಂದ ದಿನ ನಿನ್ನೆದುರು ಆಡಿದ ಬಡಾಯಿ ಮರೆತಿಲ್ಲ. ಮೂವತ್ತೆಂಟು ವರ್ಷ ಮಾಟೆ ಸೊಪ್ಪಿಗೆ ಹೊಗೆ ಕೊಟ್ಟವನು ನಾನು. ಎಲೆಯ ಸದ್ದು ಕೇಳಿ ಹದ ಹೇಳುವವನು ಮಿಸಿಯೋನೆಸ್ ಸೀಮೆಯಲ್ಲೇ ಇನ್ನೊಬ್ಬನಿಲ್ಲ. "ಹೊಗೆ ಹಂದಿಮಾಂಸವನ್ನೇ ಕೆಡದಂತೆ ಕಾಯುತ್ತೆ, ನನ್ನನ್ನು ಕಾಯಲ್ವಾ?" ಅಂದೆ. ನೀನು ನಗಲಿಲ್ಲ. ಮೂರನೇ ಇಯತ್ತೆ ಓದಿದವನಿಗೆ ತಿಳಿಯುವಂತೆ ಹೇಳಿದೆ: ದೇಹದ ಒಂದೊಂದು ಕಣದಲ್ಲೂ ಡಿಎನ್‌ಎ ಅನ್ನುವ ಪಾಠ ಬರೆದಿದೆ. ಹೊಗೆಯ ವಿಷ ಅದರ ಅಕ್ಷರಕ್ಕೆ ಹೋಗಿ ಅಂಟುತ್ತದೆ. ಕಣ ಎರಡಾಗುವಾಗ ಆ ಪಾಠ ನಕಲಾಗಬೇಕು; ಅಂಟು ಹಿಡಿದ ಅಕ್ಷರವನ್ನು ತಪ್ಪಾಗಿ ಓದಿಕೊಂಡರೆ ಮುಂದಿನ ನಕಲೆಲ್ಲ ತಪ್ಪೇ. "ಬಹಳಷ್ಟನ್ನು ದೇಹವೇ ತಿದ್ದಿಕೊಳ್ಳುತ್ತೆ ಮಾಮಾ. ಎಲ್ಲವನ್ನೂ ಅಲ್ಲ."

ನೀನು ಹೋದ ಮೇಲೆ ನಿನ್ನದೇ ಧಾಟಿಯಲ್ಲಿ ಅಣಕಿಸಿ ಎಲ್ಲರನ್ನೂ ನಗಿಸಿದ್ದೆ. ಅತಿ ಜೋರಾಗಿ ನಕ್ಕವನು ಸೌದೆ ಒಟ್ಟುವ ಎಲ್ಯೂತೆರಿಯೊ. ಈಗ ಅವನ ಗಂಟಲಲ್ಲಿ ಗಂಜಿಯೂ ಇಳಿಯುವುದಿಲ್ಲ. ಕ್ಯಾನ್ಸರ್ ಅಂದರು. ಹೊಗೆಯಿಂದಲೋ, ಕುದಿ ಕುದಿ ಮಾಟೆಯಿಂದಲೋ, ಬೇರೆ ಯಾವುದರಿಂದಲೋ, ನನಗೆ ಗೊತ್ತಿಲ್ಲ. ಗೊತ್ತಾಗಬೇಕು.

ಇನ್ನೊಮ್ಮೆ ಕಡ್ಡಿ ಆಡಿಸಿ ಅಂತ ನಾನಂದಾಗ ನಮ್ಮಲ್ಲೊಬ್ಬ ಅನಾಕ್ಲೆತೊ ಹಾರಿಬಿದ್ದ: "ನಿನ್ನ ಸೋದರಸೊಸೆ ಹೊಗೆಗೂಡು ಮುಚ್ಚಿಸ್ತಾಳೆ ಕಣೋ! ಆಮೇಲೆ ನಿನ್ನ ಬಡಾಯಿ ಒಣಗಿಸಿ ಮಾರೋಣವಾ?" ನಾನಂದೆ: "ಮುಚ್ಚೋಕಲ್ಲ ಕತ್ತೆ, ಹೊಗೆಗೆ ಬೇರೆ ದಾರಿ ಮಾಡೋಕೆ. ಸೊಪ್ಪಿಗೆ ಬಿಸಿಗಾಳಿ ಸಾಕು, ಹೊಗೆ ಕೊಳವೆ ಹಿಡಿದು ಮೇಲೆ ಹೋಗಲಿ. ಪುರಾವೆ ಇಲ್ಲದೆ ಧಣಿ ಕೊಳವೆ ಹಾಕಿಸ್ತಾನಾ?"

ನಿನ್ನೆ ಕೋಳಿ ಕೂಗುವ ಮೊದಲೇ ನಳಿಕೆಯನ್ನು ಸೊಂಟಕ್ಕೆ ಸಿಕ್ಕಿಸಿ, ಕೆಟಲ್ ಮೇಲೆ ಹೇಂಟೆಯಂತೆ ಕೂತೆ. ಹತ್ತು ಜನ ಹಾಲು ಬಿಡಿಸಿದ ಕರುಗಳ ಹಾಗೆ ನನ್ನನ್ನೇ ನೋಡಿದರು, ಬೈದರು. ನನ್ನ ಸತ್ತ ಅಜ್ಜನನ್ನೂ ಬಿಡಲಿಲ್ಲ. ಆದರೆ ಬಾಯಿ ಮುಕ್ಕಳಿಸಿ ಒಬ್ಬೊಬ್ಬರೇ ಕಡ್ಡಿ ಆಡಿಸಿದರು. ಎಲ್ಯೂತೆರಿಯೊ ಹಾಸಿಗೆಯಲ್ಲೇ ಬಾಯಿ ತೆರೆದ. ಕೊನೆಗೆ ನಾನು. ಕಡ್ಡಿಯನ್ನು ಚೀಲಕ್ಕೆ ಹಾಕುವ ಮೊದಲು ಶಿಲುಬೆ ಗುರುತು ಹಾಕಿಕೊಂಡೆ. ಇದನ್ನು ರಮೋನಾಗೆ ಹೇಳಬೇಡ.

ಗುರುವಾರದ ಬಸ್ಸಿಗೆ ನಾನೇ ಪೊಸಾದಾಸ್‌ನ ನಿನ್ನ ಪ್ರಯೋಗಾಲಯಕ್ಕೆ ತರುತ್ತೇನೆ, ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ನನ್ನ ಕಡ್ಡಿಯಲ್ಲಿ ಹಾನಿ ಕಂಡರೆ ಮಾಮ ಅಂತ ಒಂದು ಗೀಟೂ ಕಮ್ಮಿ ಮಾಡಬೇಡ. ಇದರಲ್ಲೂ ಸೀಮೆಗೆ ನಾನೇ ಮೊದಲಿಗನಾದರೆ ಆಗಲಿ. ನಿನ್ನ ವರದಿಯ ಹಾಳೆ ಹಿಡಿದು ಧಣಿಯ ಮೇಜಿನ ಮುಂದೆ ನಿಂತು, ತಡವರಿಸಿದರೂ ಸರಿ, ನಾನೇ ಓದುತ್ತೇನೆ.

ಕಣ್ಣು ಚುರುಕಾಗಿರಲಿ, ಊಟ ಬಿಡಬೇಡ, ನಮ್ಮ ಆಯುಸ್ಸಿನಲ್ಲೂ ಒಂದಿಷ್ಟು ನಿನಗಿರಲಿ.

ಹೊಗೆಗೂಡಿನಿಂದ ನಿನ್ನ ಮಾಮ,
ಸಿಂಫೊರಿಯಾನೊ