ಎರಡು ಪಟ್ಟಿಗಳ ನಡುವೆ ನಿಂತವಳಿಗೆ

ಗೆಳತೀ ಸುಜಾತಾ,

ನಿನ್ನೆ ಪ್ರಯೋಗಾಲಯದಲ್ಲಿ ಜರ್ಮೇನಿಯಂ ಹರಳನ್ನು ಪುಟ್ಟ ಕುಲುಮೆಯಲ್ಲಿಟ್ಟು ಕಾಯಿಸಿದೆ. ಕಾಯುವಾಗ ಅಳತೆ ಬರೆಯಬಾರದು, ಆರುವಾಗಲೇ ಬರೆಯಬೇಕು ಎನ್ನುವುದು ನಿನ್ನ ಹಟ. "ಏರಾಗ ಗಡಿಬಿಡಿ ಮಾಡ್ತದ, ಇಳಿಯಾಗ ಖರೆ ಹೇಳ್ತದ," ಅನ್ನುತ್ತಿದ್ದೆ. ಆರಲೆಂದು ಕೂತಿದ್ದಾಗ ಬೆನ್ನ ಹಿಂದೆ ನಿನ್ನ ಕುರ್ಚಿ ಕಿರ್ ಎಂದಿತು. ಜ್ವರದಲ್ಲಿ ನೀನು ತೀರಿಹೋದಾಗಿನಿಂದ ಹೀಗೇ. ತಿರುಗಿದರೆ ಯಾರೂ ಇರುವುದಿಲ್ಲ, ತಿರುಗದಿದ್ದರೆ ನೀನಿರುತ್ತೀ. ನಾನು ತಿರುಗಲಿಲ್ಲ.

ಶಹಾಬಜಾರದ ನಮ್ಮ ಬಾಡಿಗೆ ಕೋಣೆಯಲ್ಲಿ ಇಫೆಕ್ಟಿವ್ ಮಾಸ್, ಅಂದರೆ ತೋರಿಕೆಯ ರಾಶಿ, ತಲೆಗೆ ಹತ್ತದೆ ನಾನು ಅತ್ತದ್ದು ನೆನಪಿದೆಯಾ? ಎಲೆಕ್ಟ್ರಾನ್ ಅದೇ ಎಲೆಕ್ಟ್ರಾನ್, ಆದರೆ ಹರಳಿನೊಳಗೆ ಸುತ್ತಲಿನ ಪರಮಾಣುಗಳ ಸೆಳೆತಕ್ಕೆ ಸಿಕ್ಕಿ ಹಗುರವಾದಂತೆಯೋ ಭಾರವಾದಂತೆಯೋ ನಡೆದುಕೊಳ್ಳುತ್ತದೆ ಎಂದು ನೀನು ಬಿಡಿಸಿ ಹೇಳಿದೆ. ಅದು ಇರಬಹುದಾದ ಶಕ್ತಿಗಳ ಪಟ್ಟಿಯ, ಅಂದರೆ ಬ್ಯಾಂಡಿನ, ಮೇಲ್ತುದಿಯಲ್ಲಿದ್ದರಂತೂ ಮುಂದೆ ನೂಕಿದರೆ ಹಿಂದಕ್ಕೆ ಬರುತ್ತದಂತೆ. "ಥೇಟ್ ನಿನ್ನಂಗ," ಎಂದು ನೀನು ನಕ್ಕಿದ್ದೆ. ಶುದ್ಧ ಹರಳಿನಲ್ಲಿ ಎರಡು ಪಟ್ಟಿಗಳ ನಡುವೆ ಅದು ನಿಲ್ಲುವಂತಿಲ್ಲ, ಕೆಳಗಿರಬೇಕು ಇಲ್ಲವೇ ಮೇಲೇರಬೇಕು ಎಂದು ಕಲಿಸಿದವಳೂ ನೀನೇ. ಹಾಗಾದರೆ ನೀನೀಗ ಎಲ್ಲಿ ನಿಂತಿದ್ದೀಯೇ?

ಹೋದ ವಾರ ನಿಮ್ಮೂರು ಕಮಲಾಪುರಕ್ಕೆ ಹೋಗಿದ್ದೆ. ನಿನ್ನ ತಂಗಿ ಕವಿತಾಳಿಗೆ ನಮ್ಮ ವಿಭಾಗದಲ್ಲೇ ಎಂಎಸ್ಸಿ ಸೀಟು ಸಿಕ್ಕಿದೆ, ಆದರೆ ಅವ್ವ ಕಳಿಸಲು ಒಪ್ಪಿರಲಿಲ್ಲ. ಚಹಾ ಕೊಟ್ಟು, ಕವಿತಾಳನ್ನು ಹೊರಗೆ ಕಳಿಸಿ, ನಿಮ್ಮವ್ವ ನನ್ನ ಕೈ ಹಿಡಿದಳು.

"ಖರೆ ಹೇಳು ನಂದಾ. ನಮ್ಮ ಸುಜಾತಾ ಇನ್ನಾ ಅಲ್ಲೇ, ನಿಮ್ಮ ಲ್ಯಾಬಿನಾಗ ಅದಾಳೇನು? ಇದ್ರ ಸಣ್ಣಾಕಿಗಿ ಕಳಸಂಗಿಲ್ಲ. ಅಂಜತಾಳ."

ಬಾಗಿಲ ಸಂದಿಯಲ್ಲಿ ಕವಿತಾ ಉಸಿರು ಬಿಗಿಹಿಡಿದು ನಿಂತಿದ್ದಳು.

"ಇಲ್ರೀ. ಅಲ್ಲಿ ಯಾರೂ ಇಲ್ಲ," ಎಂದೆ.

ಕಳಿಸುತ್ತೇನೆ ಎನ್ನುವಂತೆ ಅವ್ವ ತಲೆಯಾಡಿಸಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ಮನಿಗೂ ಬರವಲ್ಲಳು. ಅಲ್ಲೂ ಇಲ್ಲಂದ್ರ ಎಲ್ಲಿಗಿ ಹೋಗ್ಯಾಳ ನನ್ನ ಮಗಳು?"

ಅವ್ವ ನಿನಗೆ ಹೆದರಿದ್ದಾಳೆಂದುಕೊಂಡು ಸುಳ್ಳು ಹೇಳಿದೆನಲ್ಲ, ನಾನೆಂಥವಳು…

ನಮ್ಮ ವಿಭಾಗದ ಹತ್ತಿರವೇ, ಕುಸನೂರಿನಲ್ಲಿ, ಕವಿತಾಳಿಗೆ ಕೋಣೆ ನೋಡಿದ್ದೇನೆ. ಸೋಮವಾರದಿಂದ ಬರುತ್ತಾಳೆ. ಅಳತೆ ಬರೆಯುವುದನ್ನು ನಾನೇ ಕಲಿಸುತ್ತೇನೆ, ಸಂಜೆ ಕೋಣೆಯವರೆಗೆ ಬಿಟ್ಟು ಬರುತ್ತೇನೆ. ನೀನಿನ್ನು ಇಲ್ಲಿಗೆ ಬರಬೇಡ, ಸುಜಾತಾ. ನೀನಿಲ್ಲದ ಸಂಜೆಗಳನ್ನು ಹೇಗೆ ಕಳೆಯುತ್ತೇನೋ ಗೊತ್ತಿಲ್ಲ, ಆದರೂ ಬೇಡ. ಕಮಲಾಪುರಕ್ಕೆ ಹೋಗು. ಅಂದು ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಾಗ ಕವಿತಾ ಹೇಳಿದಳು: ನೀನು ಹೋದ ಮೇಲೆ ಅವ್ವ ರಾತ್ರಿ ಬಾಗಿಲಿಗೆ ಅಗಳಿ ಹಾಕುವುದನ್ನೇ ಬಿಟ್ಟಿದ್ದಾಳಂತೆ.

ನಿನ್ನ
ನಂದಾ