ಫೋನಿನಲ್ಲಿ ಇನ್ನೊಬ್ಬ ದೊಡ್ಡಮ್ಮ

ಮಾರ್ಚ್ ೧೧

ಪ್ರೀತಿಯ ಅಕ್ಕನಿಗೆ ನಿನ್ನ ಗಿಣಿಯ ನಮಸ್ಕಾರ.

ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಹೆಬ್ಬೆರಳಿನ ಕೀಲು ಮತ್ತೆ ಜಾರಿತ್ತು, ಪೆನ್ನು ಹಿಡಿದರೆ ಜೀವ ಹೋದ ಹಾಗಾಗುತ್ತಿತ್ತು. ಈಗ ಪಟ್ಟಿ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು.

ನಿನ್ನ ಕಾಗದದಲ್ಲಿ ಎರಡು ಮಾತಿವೆ. ನನ್ನ ಮಗಳು ಪುಟ್ಟಿಯನ್ನು ನನ್ನ ಹತ್ತಿರ ವಾಪಸ್ಸು ಕಳಿಸುವುದೋ ಬೇಡವೋ ಎಂದು ಈ ತಿಂಗಳೊಳಗೆ ಹೇಳುತ್ತೀಯಂತೆ. ಇನ್ನೊಂದು, ಫೋನಿನಲ್ಲಿ ಇನ್ನೊಬ್ಬ ದೊಡ್ಡಮ್ಮ ಇದ್ದಾಳೆ ಎಂದು ಅವಳು ಹಟ ಹಿಡಿದು ಅಳುತ್ತಾಳೆ, ಗುರುವಾರ ನನ್ನನ್ನು ನೋಡಿದ್ದ ಆ ಹಳೆಯ ಡಾಕ್ಟರಿಗೆ ತೋರಿಸುತ್ತೇನೆ ಅಂದಿದ್ದೀಯ.

ನನ್ನ ಕೀಲುನೋವು, ನಿಂತಲ್ಲೇ ಕಣ್ಣು ಕತ್ತಲೆ ಬರುವುದು, ಎಲ್ಲವನ್ನೂ ಕೇಳಿ ಆ ಮಹಾನುಭಾವರು ಏನಂದರು, ನೆನಪಿದೆಯಾ? "ಪರ್ಸನಾಲಿಟಿ ಡಿಸಾರ್ಡರ್. ಎಲ್ಲರೂ ನೋಡ್ಲಿ ಅಂತ ಮಾಡ್ತಾರೆ." ಪುಟ್ಟಿ ನಿನ್ನ ಮನೆ ಸೇರಿದ್ದು ಆಮೇಲೆಯೇ.

ಈಗಿನ ಡಾಕ್ಟರಮ್ಮ ಹಾಗಲ್ಲ, ಕೂತು ಕೇಳುತ್ತಾರೆ. ನನಗೆ ಹುಟ್ಟಿನಿಂದಲೇ ಆಟಿಸಂ ಇದೆಯಂತೆ. ಹಾಗಂತ ಹಳೆಯವರು ಹೇಳಿದ ಹೆಸರು ಪೂರಾ ಸುಳ್ಳಲ್ಲವಂತೆ. ಯಾರಾದರೂ ಬಿಟ್ಟುಹೋಗುತ್ತಾರೆ ಅನ್ನಿಸಿದಾಗ ನಾನು ಹುಚ್ಚಿಯಂತಾಗುತ್ತೇನಲ್ಲ, ಅದು ಆ ಬಾಬತ್ತು. ಎರಡೂ ಹೆಣೆದುಕೊಂಡಿವೆ, ಬಿಡಿಸಿ ನೋಡಲು ಸಮಯ ಬೇಕು. ಕೀಲಿನ ಕಾಯಿಲೆ ಮಾತ್ರ ಬೇರೆ, ಮೈಯದ್ದೇ, ನಾಟಕವಲ್ಲ. "ಮೂವರು ಬಾಡಿಗೆದಾರರು ಒಂದೇ ಮನೇಲಿದಾರೆ. ಒಬ್ಬರ ಗಲಾಟೆಗೆ ಇನ್ನೊಬ್ಬರ ಮೇಲೆ ದೂರು ಹೋಗ್ತಿತ್ತು, ಅಷ್ಟೆ" ಅಂದರು. ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ.

ಚಿಕ್ಕಂದಿನಲ್ಲಿ ಜನರ ಮುಂದೆ ಹೇಗಿರಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ನಿನ್ನ ನಗು, ನಿನ್ನ "ಅಯ್ಯೋ ಬಿಡಿ", ನೀನು ಕತ್ತು ಓರೆ ಮಾಡುವುದು, ಎಲ್ಲವನ್ನೂ ಎತ್ತಿಕೊಂಡೆ. ಗಿಣಿ ಎಂದು ಹೆಸರಿಟ್ಟು ಮನೆಯವರೆಲ್ಲ ನಕ್ಕಿರಿ. ಈಗ ಡಬ್ಬಿಂಗ್ ಸ್ಟುಡಿಯೋದಲ್ಲಿ ಯಾರ ತುಟಿ ಆಡಿದರೂ ದನಿ ಕೊಡುತ್ತೇನೆ, ಅದೇ ನನ್ನ ಅನ್ನ. ಆದರೆ ಇತ್ತೀಚೆಗೆ ದನಿಗಳು ನನ್ನ ಅಪ್ಪಣೆ ಕೇಳುತ್ತಿಲ್ಲ, ಅಕ್ಕ. ಮೊನ್ನೆ ಗಾಜಿನ ಕೋಣೆಯಲ್ಲಿ, ಮೈಕಿನ ಮುಂದೆ, ಭುಜದ ಕೀಲು ಜಾರಿ ಕಿರುಚಿದೆ. ಸೌಂಡ್ ಇಂಜಿನಿಯರ್ ಅದನ್ನು ಮತ್ತೆ ಹಾಕಿ ಕೇಳಿದ. ಒಳಗೆ ನಿಮ್ಮ ಜೊತೆ ಯಾರಿದ್ದರು ಮೇಡಂ ಅಂದ. ಅದು, ನೀನು ಹುಡುಗಿಯಾಗಿದ್ದಾಗ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡು ಕೂಗಿದ ಕೂಗು.

ನಿನ್ನೆ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು. "ನಿಮ್ಮಕ್ಕ ಬಂದಿದಾರಾ? ಬೆಳಗ್ಗೆಯಿಂದ ಮಾತು ಕೇಳಿಸ್ತಾ ಇದೆ." ಮನೆಯಲ್ಲಿದ್ದದ್ದು ನಾನೊಬ್ಬಳೇ. ಬಾಯಿ ಬಿಡಲು ಭಯವಾಗಿ ಸುಮ್ಮನೆ ತಲೆಯಾಡಿಸಿ ಕಳಿಸಿದೆ. ದಣಿದಾಗ ಹೀಗಾಗುತ್ತದೆ, ಮೆಲ್ಲಗೆ ಸರಿಹೋಗುತ್ತದೆ ಅನ್ನುತ್ತಾರೆ ಡಾಕ್ಟರಮ್ಮ. ನಂಬಿದ್ದೇನೆ.

ಭಾವನಿಗೆ ನಮಸ್ಕಾರ ತಿಳಿಸು. ಪುಟ್ಟಿ ಚೆನ್ನಾಗಿರಲಿ. ಅವಳ ಕೈಕಾಲು ಗಟ್ಟಿಯಾಗಿರಲಿ, ಮಾತು ಅವಳದೇ ಆಗಿರಲಿ.

ನಿನ್ನ
ಗಿಣಿ

ಮರೆತು ಉಳಿದದ್ದಲ್ಲ ಇದು, ಧೈರ್ಯ ಸಾಲದೆ ಉಳಿದದ್ದು. ಪುಟ್ಟಿಯನ್ನು ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಡ. ನೀನು ಅಂಗಡಿಗೆ ಹೋಗಿದ್ದಾಗ ಸ್ಟುಡಿಯೋದಿಂದ ಫೋನ್ ಮಾಡಿದವಳು ನಾನು. "ಪುಟ್ಟೀ" ಎಂದು ಕರೆದರೆ ನನ್ನ ಬಾಯಿಂದ ನಿನ್ನ ದನಿ ಬಂತು. ಅವಳು ಎಷ್ಟು ಮಾತಾಡಿದಳು ಅಂತೀಯ! ನನ್ನ ಜೊತೆ ಎಂದೂ ಹಾಗೆ ಮಾತಾಡಿದವಳಲ್ಲ. ನಿಲ್ಲಿಸಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅಲ್ಲಿ ಬಾಗಿಲು ತೆಗೆದ ಸದ್ದಾಯಿತು, ನೀನು ಅವಳನ್ನು ಕರೆದದ್ದು ಕೇಳಿಸಿತು. ಅವಳು ಪಿಸುಗುಟ್ಟಿದಳು, "ದೊಡ್ಡಮ್ಮ ಬಂದ್ಲು. ಮತ್ತೆ ನೀನ್ಯಾರು?" ಅಮ್ಮ ಅನ್ನಬೇಕಿತ್ತು. ನನ್ನ ದನಿಗಾಗಿ ಹುಡುಕಿದೆ, ಸಿಗಲಿಲ್ಲ. ಫೋನ್ ಇಟ್ಟುಬಿಟ್ಟೆ. ಇದನ್ನು ಓದಿದ ಮೇಲೆ ನೀನು ಅವಳನ್ನು ಕಳಿಸುವುದಿಲ್ಲ, ಗೊತ್ತು. ಕಳಿಸದಿದ್ದರೂ, ಅವಳಿಗೆ ಕೇಳಿಸಿದ್ದು ನಿಜ ಎಂದು ಅವಳಿಗೆ ಹೇಳು.