ಪೆಟ್ಟಿಗೆಯಲ್ಲಿ ಯಾರೂ ಇರಲಿಲ್ಲವಂತೆ

9 ಜೂನ್ 2024, ಭಾನುವಾರ. ಸವಣೂರು

ಬೆಳಗಿನಿಂದ ಬರೀ ಹುಬ್ಬು. ಮದುವೆ ಸೀಸನ್ ಮುಗಿಯಿತು, ಪಾರ್ಲರ್ ಮಾತ್ರ ಖಾಲಿಯಾಗುತ್ತಿಲ್ಲ. ಬರುವವರಿಗೆ ಹುಬ್ಬು ಒಂದು ನೆಪ. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, ದಾರ ಹಚ್ಚುವ ಮೊದಲೇ ಶುರು — "ತನುಜಕ್ಕಾ, ನಿಮ್ಮ ಅಕ್ಕನ್ನ ಆ ಪ್ರೊಡ್ಯೂಸರ್ ಕೊಲ್ಲಿಸಿದ್ನಂತಲ್ರಿ?" ಒಬ್ಬಳಿಗೆ ಪ್ರೊಡ್ಯೂಸರ್. ಇನ್ನೊಬ್ಬಳಿಗೆ ಯಾರೋ ದೊಡ್ಡವರ ಮಗ. ಮತ್ತೊಬ್ಬಳಿಗೆ ಮಾಟ. ದಾರ ಸ್ವಲ್ಪ ಬಿಗಿಯಾಗಿ ಎಳೆಯುತ್ತೇನೆ. ಅಯ್ಯಯ್ಯ ಅಂತ ಸುಮ್ಮನಾಗುತ್ತಾರೆ. ಪಾಪ ಗೀಪ ಏನೂ ಅನ್ನಿಸುವುದಿಲ್ಲ.

ಜನಕ್ಕೆ ಅಕ್ಕ ಸಾರಂಗಿ. ಸಿನಿಮಾ ಪೋಸ್ಟರಿನಲ್ಲಿ ಸಾರಂಗಿ. ನಮಗೆ ಶಾರಿ, ಹತ್ತಿಮತ್ತೂರಿನ ಶಾರದಾ. ಶಿವರಾತ್ರಿ ಆದ ವಾರ, ಹೈದರಾಬಾದಿನ ಹೊರಗೆ ಶೂಟಿಂಗಿಗೆ ಹಿಡಿದಿದ್ದ ಬಂಗಲೆಯ ತಾರಸಿಯಿಂದ ನಸುಕಿನಲ್ಲಿ ಬಿದ್ದಳು. ಜಾರಿ ಬಿದ್ದಳು ಅಂದರು ಪೊಲೀಸರು. ಆ ಹೊತ್ತಿನಲ್ಲಿ ತಾರಸಿಗೆ ಯಾಕೆ ಹೋದಳು... ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಹಾಗಂದರೆ ಗಿರಾಕಿಗಳಿಗೆ ಸಿಟ್ಟು ಬರುತ್ತದೆ, ಏನೋ ಮುಚ್ಚಿಡುತ್ತಿದ್ದೇನೆ ಅಂತ.

13 ಜೂನ್

ಚನ್ನವೀರಪ್ಪ ಕಾಕಾ ಹತ್ತಿಮತ್ತೂರಿನಿಂದ ಬಂದಿದ್ದ. ಅಪ್ಪನ ತಮ್ಮ, ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಓದಿಸಿದವನು. ಬಂದವನೇ ಮತ್ತೆ ಅದೇ ಮಾತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಊರೆಲ್ಲ ಬಂದು ಮುಖ ನೋಡುತ್ತದೆ. ಕೂತಂತೆಯೇ ಮಣ್ಣು ಕೊಡುತ್ತಾರೆ. ಅಕ್ಕ ಬಂದದ್ದು ಪೆಟ್ಟಿಗೆಯಲ್ಲಿ, ಮಲಗಿಕೊಂಡು, ಬಿಳಿ ಬಟ್ಟೆ ಸುತ್ತಿಸಿಕೊಂಡು. ಕೂಡಿಸುವ ಹಾಗೆ ಇರಲಿಲ್ಲ. ವ್ಯಾನಿನೊಳಗೆ ನಾನೊಬ್ಬಳೇ ಬಟ್ಟೆ ಸರಿಸಿ ನೋಡಿದೆ. ಮುಚ್ಚಿದೆ. ಯಾರಿಗೂ ತೋರಿಸಬೇಡಿ, ಅವ್ವನಿಗಂತೂ ಬೇಡವೇ ಬೇಡ ಅಂದೆ. ಹೊಲದ ಬದುವಿನ ಮೇಲೆ, ಬೇವಿನ ಗಿಡದ ಹತ್ತಿರ, ಮಲಗಿದ ಹಾಗೆಯೇ ಹೂಳಿದರು.

"ಮಕಾ ತೋರಸ್ಲಿಲ್ಲ. ಕುಂದರಸ್ಲಿಲ್ಲ. ಅಕಿ ಶಾರೀನ ಅಂತ ನಾ ಹೆಂಗ ನಂಬ್ಲಿ?" ಅಂದ ಕಾಕಾ. "ಪೆಟಗ್ಯಾಗ ಯಾರೂ ಇದ್ದಿದ್ದಿಲ್ಲ. ಇದ್ರೂ ನಮ್ಮಾಕಿ ಅಲ್ಲ."

"ಕಾಕಾ, ನಾ ನೋಡೇನಿ."

"ನೀ ಆ ಗಾಬರ್ಯಾಗ ಏನ್ ನೋಡಿದ್ಯೋ ಏನೋ."

ಅವನು ಸುಳ್ಳುಗಾರ ಅಲ್ಲ. ಮಗಳಂಥವಳನ್ನು ಮಲಗಿಸಿ ಹೂಳಿದೆನಲ್ಲ ಅನ್ನುವುದು ಅವನಿಗೆ ನುಂಗಲಾಗುತ್ತಿಲ್ಲ. ಅದಕ್ಕಿಂತ, ಹೂಳಿದ್ದು ಅವಳನ್ನಲ್ಲ ಅಂದುಕೊಳ್ಳುವುದು ಸುಲಭ. ಚಹಾದಂಗಡಿಯಲ್ಲಿ ಹೇಳಿದ. ಅಲ್ಲಿಂದ ಮಾತು ಊರೂರು ತಿರುಗಿತು.

20 ಜೂನ್

ಮಾತು ಶಿಗ್ಗಾಂವಿಗೂ ಮುಟ್ಟಿದೆ. ಅಲ್ಲಿಯ ಸುದೀಪ ಅನ್ನುವವನದು ಯೂಟ್ಯೂಬ್ ಚಾನೆಲ್. ಇವತ್ತಿನ ವಿಡಿಯೋ — "ಸಾರಂಗಿ ಸತ್ತಿಲ್ಲವೇ? ಸಂಪ್ರದಾಯ ಮುರಿದದ್ದೇಕೆ?" ಪೆಟ್ಟಿಗೆಗೆ ಕೆಂಪು ಬಾಣ. ಹಿಂದೆ ಢಂ ಢಂ ಮ್ಯೂಸಿಕ್ಕು.

ಅವ್ವ ನೋಡುತ್ತಾಳೆ. ದಿನಾ ರೊಟ್ಟಿ ಬಡಿದು ಮುಗಿಸಿ, ಕೈ ಒರೆಸಿಕೊಂಡು — "ತನೂ, ಅಂವಾ ಇವತ್ತ ಏನರ ಹಾಕ್ಯಾನೇನ ನೋಡು." ಹಚ್ಚಿಕೊಡುತ್ತೇನೆ. ನಡುವೆ ಅಕ್ಕನ ಸಿನಿಮಾದ ತುಣುಕು ಬಂದಾಗ ಅವ್ವ ಮೊಬೈಲನ್ನು ಹತ್ತಿರ ಹಿಡಿಯುತ್ತಾಳೆ. ಬೇಡ ಅನ್ನಲು ನನಗೆ ಧೈರ್ಯವಿಲ್ಲ. ಅವಳು ನಂಬಿಬಿಟ್ಟಿದ್ದರೆ? ನಾನು ನೋಡಿದ್ದನ್ನು ಬಾಯಿಬಿಟ್ಟು ಹೇಗೆ ಹೇಳಲಿ? ಪೆಟ್ಟಾದ ಆ ಮುಖವನ್ನು ಯಾವ ಮಾತಿನಲ್ಲಿ ಹೇಳಬೇಕು?

30 ಜೂನ್, ಸಂಜೆ

ರಟ್ಟೀಹಳ್ಳಿಗೆ ಹೋಗಿ ಬಂದೆವು. ಕದಂಬೇಶ್ವರ ಗುಡಿಯಲ್ಲಿ ಸಾರಂಗಿ ಇದ್ದಾಳಂತೆ, ಸೆರಗು ಮುಖದ ಮೇಲೆ ಎಳೆದುಕೊಂಡು ಕೂಡುತ್ತಾಳಂತೆ, ಯಾರ ಜೊತೆಗೂ ಮಾತಿಲ್ಲವಂತೆ. ಕಾಕಾ ಟಂಟಂ ಗಾಡಿ ಮಾಡಿಕೊಂಡು ಬಂದ. ಅವ್ವ ಹೊರಟಳು. ಅವ್ವನನ್ನು ಹಿಡಿದುಕೊಳ್ಳಲು ಒಬ್ಬರಾದರೂ ಬೇಕಲ್ಲ ಅಂತ ನಾನು. ದಾರಿಯುದ್ದಕ್ಕೂ ಕಾಕಾನ ಮೇಲೆ ಸಿಡಿಮಿಡಿ.

ಒಳಗೆ ಹೋದೆವು. ಕಂಬದ ಆಚೆ ಒಬ್ಬಳು ಕೂತಿದ್ದಳು, ಬೆನ್ನು ಈ ಕಡೆಗೆ. ಹಸಿರು ಸೀರೆ. ಕುತ್ತಿಗೆ ತುಸು ಎಡಕ್ಕೆ ವಾಲಿಸಿ... ಅಕ್ಕ ಹಾಗೇ ಕೂಡುತ್ತಿದ್ದಳು.

ಮೊದಲು ಓಡಿದವಳು ಅವ್ವ ಅಲ್ಲ, ಕಾಕಾನೂ ಅಲ್ಲ. ನಾನು. ವ್ಯಾನಿನಲ್ಲಿ ಬಟ್ಟೆ ಸರಿಸಿ ಕಣ್ಣಾರೆ ಕಂಡವಳು! ಅಕ್ಕಾ ಅಂತ ಭುಜ ಹಿಡಿದೇಬಿಟ್ಟೆ. ತಿರುಗಿದಳು. ಹರಕೆ ಹೊತ್ತು ಮೌನ ಹಿಡಿದ ಯಾರೋ ಹೆಂಗಸು. ಪಾಪ, ಬೆದರಿ ನನಗೇ ಕೈಮುಗಿದಳು.

ಬರುವಾಗ ಅವ್ವ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನನಗೆ ನಾಚಿಕೆ. ಇಷ್ಟು ದಿನ ಬುದ್ಧಿವಂತಳು ನಾನೊಬ್ಬಳೇ ಅಂದುಕೊಂಡಿದ್ದೆ.

6 ಜುಲೈ

ಹೊಸ ಸುದ್ದಿ. ಸಾರಂಗಿ ನಾನೇ ಅಂತೆ.

ಸುದೀಪ ಬೀದಿಯಿಂದ ಜೂಮ್ ಮಾಡಿ ತೆಗೆದಿದ್ದಾನೆ. ಪಾರ್ಲರಿನ ಬಾಗಿಲಲ್ಲಿ ನಾನು, ಹಿಂದಿನಿಂದ, ಕೂದಲು ಮೇಲಕ್ಕೆ ಕಟ್ಟಿಕೊಂಡು. ಕೆಂಪು ವೃತ್ತ. "ಸತ್ತದ್ದು ತಂಗಿ? ತಂಗಿಯ ಹೆಸರಿನಲ್ಲಿ ಬದುಕುತ್ತಿದ್ದಾಳೆಯೇ ನಟಿ?" ಕೆಳಗೆ ಕಮೆಂಟುಗಳು. ನಡಿಗೆ ಅದೇ ಐತಿ. ಕಿವಿ ನೋಡ್ರಿ, ಕಿವಿ. ಒಬ್ಬ ಬರೆದಿದ್ದಾನೆ — ಪಾಪ ಆ ತಂಗಿ, ಆಕಿನ್ನ ಯಾರೂ ನೆನಸ್ಲೇ ಇಲ್ಲ.

ಹಾಗಾದರೆ ಸತ್ತವಳು ನಾನು. ನನಗಾಗಿ ಮರುಗುವವನು ಒಬ್ಬನಾದರೂ ಇದ್ದಾನೆ ಅಂತ ನಗು ಬಂತು.

ಪಕ್ಕದ ಎಲೆ ಅಡಿಕೆ ಅಂಗಡಿಯ ಕುಲಸುಮಬಿ ಬೀದಿಗಿಳಿದು ಬೈದಳು. "ಏ ಬೇಶರಮ್, ಇಕಿ ನಮ್ಮ ತನುಜಾ! ಹತ್ತ ವರ್ಷಾತು ನಾ ದಿನಾ ನೋಡಾಕತ್ತೇನಿ. ಅಕಿ ಜಗಳಗಂಟಿ, ಇಕಿ ಅಕಿಗಿಂತ ಜಗಳಗಂಟಿ. ಅಷ್ಟ ಫರಕ್!" ಅದನ್ನೂ ರೆಕಾರ್ಡ್ ಮಾಡಿಕೊಂಡು ಹಾಕಿದರು. ಕುಲಸುಮಬಿಯೂ ಒಳಸಂಚಿನಲ್ಲಿ ಇದ್ದಾಳಂತೆ.

12 ಜುಲೈ, ಮಧ್ಯಾಹ್ನ

ಹಿರೇಕೆರೂರಿನಿಂದ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ಒಬ್ಬಳೇ, ಎರಡು ಬಸ್ಸು ಬದಲಿಸಿ. ಒಳಗೆ ಬಂದು ನಿಂತಳು, ನನ್ನ ಮುಖ ನೋಡಿದಳು, ಅಳುತ್ತಾ ಅಪ್ಪಿಕೊಂಡಳು. "ಅಕ್ಕಾರ, ನೀವು ಅದೀರಲ್ರಿ... ನಂಗ ಅಷ್ಟ ಸಾಕ್ರಿ. ಯಾರಿಗೂ ಹೇಳಂಗಿಲ್ರಿ."

ನಾನಲ್ಲ ಅಂತ ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು ಅಕ್ಕನ ದನಿ. ಬೇಕಂತಲೇ ಮಾಡಿದೆನೋ, ತಾನಾಗಿ ಬಂತೋ. ಅವಳು ಅಭಿಮಾನಿಗಳ ಹತ್ತಿರ ಮಾತಾಡುವಾಗಿನ ಆ ಮೆತ್ತಗಿನ ದನಿ — "ಚಲೋತ್ನಾಗಿ ಓದು. ಅಳಬ್ಯಾಡ. ಊಟ ಮಾಡಿಯೇನು?" ತಲೆ ಸವರಿದೆ, ಅಕ್ಕ ಸವರುತ್ತಿದ್ದ ಹಾಗೆ.

ಹುಡುಗಿ ಹೋದಳು. ಬಾಗಿಲಿಗೆ ಚಿಲಕ ಹಾಕಿ ಕನ್ನಡಿಯ ಮುಂದೆ ನಿಂತೆ. ಮತ್ತೊಮ್ಮೆ ಆ ದನಿಯಲ್ಲಿ ಅಂದೆ, ಊಟ ಮಾಡಿಯೇನು ತನೂ? ಬರಲಿಲ್ಲ. ಬರೀ ನನ್ನ ದನಿ, ಗೊಗ್ಗರು. ಬಹಳ ಹೊತ್ತು ಪ್ರಯತ್ನಿಸಿದೆ. ಎಷ್ಟು ನೆನಪಾಗುತ್ತಾಳೆ ಅಂದರೆ ಮೈಯೆಲ್ಲ ನೋಯುತ್ತದೆ. ಅವಳಿಗಾಗಿ ನಾನು ಇನ್ನೂ ಬಿಕ್ಕಿ ಅತ್ತಿಲ್ಲ. ಎಲ್ಲರೂ ಅವಳು ಹೇಗೆ ಸತ್ತಳು ಅಂತಲೇ ಕೇಳುತ್ತಾರೆ, ಅಳಲಿಕ್ಕೆ ಬಿಡುವೆಲ್ಲಿ?

28 ಜುಲೈ

ಬರೆಯದೇ ಬಹಳ ದಿನ. ಪಾರ್ಲರ್ ಮುಚ್ಚಿದ್ದೆ.

ಇವತ್ತು ಕಾಕಾ ಮತ್ತು ಸುದೀಪ ಕೂಡಿ ಬಂದರು. ಅಕ್ಕನನ್ನು ಹೂಳಿದ ಗುಂಡಿ ಮತ್ತೆ ತೆಗೆಸಬೇಕಂತೆ. ಅರ್ಜಿ ಬರೆಸಿ ತಂದಿದ್ದಾರೆ. ತಾಯಿ ಸಹಿ ಮಾಡಿದರೆ ತೂಕ ಜಾಸ್ತಿ ಅಂತೆ. ಸುದೀಪ ಮರ್ಯಾದಸ್ಥ, ಚಪ್ಪಲಿ ಹೊರಗೆ ಬಿಟ್ಟು ಬಂದ. ಅವ್ವ ಅವನಿಗೆ ಮಂಡಕ್ಕಿ, ಮಿರ್ಚಿ ಕೊಟ್ಟಳು. ಎದುರು ಕೂತು ಕೇಳಿದಳು — "ಅಕಿ ಮೊದಲನೇ ಸಿನಿಮಾದ್ದು ಏನೋ ಹೇಳಿದ್ಯಲ್ಲಪಾ, ಇನ್ನೊಮ್ಮಿ ಹೇಳು." ಅವನು ಹೇಳಿದ. ಅವ್ವ ಕೇಳುತ್ತಲೇ ಇದ್ದಳು.

ನಾನು ಕಾಕಾನನ್ನು ಹಿತ್ತಲಿಗೆ ಕರೆದು ರೇಗಿದೆ. "ಅಕಿನ್ನ ಮತ್ತ ಹೊರಗ ತಗದು ಅವ್ವಗ ತೋರಸ್ತೀಯೇನ ಕಾಕಾ?"

ಅವನ ಕಣ್ಣು ತುಂಬಿದ್ದವು. "ಅಕಿ ಅಲ್ಲೇ ಇದ್ರ, ಈಗರ ಕುಂದರಿಸಿ ಮಣ್ಣ ಕೊಡೂಣು ತನೂ. ಇಲ್ಲಂದ್ರ ಹುಡುಕೂಣು. ಹಿಂಗ ನಡುವ ನಂಗ ಇರಾಕ ಆಗವಲ್ದು."

ಅವನ ಮೇಲೆ ಸಿಟ್ಟು ಉಳಿಯಲಿಲ್ಲ. ಒಳಗೆ ಬಂದಾಗ ಅವ್ವ ಸುದೀಪನಿಗೆ ಹೇಳುತ್ತಿದ್ದಳು, "ಪಂಚಮಿ ಆಗ್ಲೆಪಾ. ಆಮ್ಯಾಲೆ ಹೇಳ್ತೇನಿ." ಆಗುವುದಿಲ್ಲ ಅನ್ನಲಿಲ್ಲ. ಸಹಿ ಮಾಡಿಬಿಡುತ್ತಾಳೆ. ಅಕ್ಕ ಬದುಕಿದ್ದಾಳೆ ಅಂತ ನಂಬಿದ್ದಾಳೆ. ಗುಂಡಿ ತೆಗೆದ ದಿನ ಅವ್ವ ನನ್ನ ಕೈಯಲ್ಲಿ ಉಳಿಯುವುದಿಲ್ಲ.

8 ಆಗಸ್ಟ್, ಗುರುವಾರ

ನಾಳೆ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಎಲ್ಲಿಯೇ ಶೂಟಿಂಗ್ ಇದ್ದರೂ ಅಕ್ಕ ಇದೊಂದಕ್ಕೆ ತಪ್ಪಿಸುತ್ತಿರಲಿಲ್ಲ. ಮೇಕಪ್ ಇಲ್ಲದೆ, ಹಳೆಯ ನೈಟಿಯಲ್ಲಿ, ಹತ್ತಿಮತ್ತೂರಿನ ಮನೆಯ ತೊಲೆಗೆ ಜೋಕಾಲಿ ಕಟ್ಟಿಸಿ ಜೀಕುತ್ತಿದ್ದಳು.

ಅವ್ವ ಶೇಂಗಾ ಉಂಡಿ ಕಟ್ಟಿದಳು, ಎಳ್ಳುಂಡಿ ಕಟ್ಟಿದಳು. ಎಷ್ಟೊಂದು! ಯಾರು ತಿನ್ನಬೇಕು ಅಂದೆ. "ಮನ್ಯಾಗ ಇರ್ಲಿ" ಅಂದಳು. ಇವತ್ತಾದರೂ ಹೇಳಿಬಿಡಬೇಕು ಅಂತ ಎದುರು ಕೂತೆ. ಬೆಲ್ಲದ ಪಾಕ ಆರುತ್ತದೆ, ಬೇಗ ಕಟ್ಟು ಅಂದಳು. ಕಟ್ಟಿದೆ.

9 ಆಗಸ್ಟ್, ಪಂಚಮಿ

ಬರೆದೇ ಮಲಗಬೇಕು.

ಬೆಳಿಗ್ಗೆ ಹತ್ತಿಮತ್ತೂರಿನ ಮನೆಗೆ ಹೋಗಿ ಹಾಲೆರೆದೆವು. ಮಣೆಯ ಮೇಲೆ ಮಣ್ಣಿನ ನಾಗಪ್ಪ. ನಮ್ಮಲ್ಲಿ ಹಾಲೆರೆಯುವಾಗ ಮನೆಯಲ್ಲಿ ಜೀವಂತ ಇರುವ ಒಬ್ಬೊಬ್ಬರ ಹೆಸರು ಹಿಡಿದು ಅವರ ಪಾಲು ಅಂತ ಎರೆಯಬೇಕು. ಯಾರನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಅವರಿಗೆ ಕೆಡುಕು ಅಂತ ನಂಬಿಕೆ. ಕಳೆದ ವರ್ಷ ಅವ್ವ ಮೊದಲು ಹೇಳಿದ್ದೇ ಹಿರಿಮಗಳ ಹೆಸರು.

ಅವ್ವ ಕೊಬ್ಬರಿ ಬಟ್ಟಲಿನಲ್ಲಿ ಹಾಲು ತೆಗೆದುಕೊಂಡಳು. ನಾನು ಹಿಂದೆ. ಕಾಕಾ ಬಾಗಿಲಲ್ಲಿ. ಅವ್ವ ಶಾರಿ ಅಂದರೆ ಏನು ಮಾಡಲಿ? ಇದನ್ನು ಇಲ್ಲಿ ಮಾತ್ರ ಬರೆಯಬಲ್ಲೆ — ಅನ್ನಲಿ ಅಂತಲೂ ಆಸೆ ಇತ್ತು. ಒಬ್ಬರ ಬಾಯಲ್ಲಾದರೂ ಅವಳು ಬದುಕಿರಲಿ.

"ದೇವರ ಪಾಲು. ಗುರುವಿನ ಪಾಲು. ಚನ್ನವೀರಪ್ಪನ ಪಾಲು. ನನ್ನ ತನೂನ ಪಾಲು. ಎಮ್ಮಿ ಪಾಲು. ಕರುವಿನ ಪಾಲು."

ನಿಲ್ಲಿಸಿದಳು. ಬಟ್ಟಲು ಕೆಳಗಿಟ್ಟಳು. ನಮಸ್ಕಾರ ಮಾಡಿದಳು.

ಕಾಕಾ ಹೊಸ್ತಿಲ ಮೇಲೆ ಕುಸಿದು ಕೂತ. "ವೈನೀ... ಶಾರೀದ ಬಿಟ್ರಿ."

"ಬಿಟ್ಟಿಲ್ಲಪಾ. ಅಕಿ ಇಲ್ಲ." ಅಂದಳು ಅವ್ವ. "ಮಲಗ್ಯಾಳ, ಮಲಗ್ಲಿ. ಕುಂತೇ ಹೋಗ್ಬೇಕು ಅಂತ ಶಿವ ಏನ್ ಹಟ ಹಿಡ್ಯಾಂಗಿಲ್ಲ. ಅಕಿನ್ನ ಎಬ್ಬಸ್ಬ್ಯಾಡ."

ಕಾಕಾ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನು ಅವ್ವನ ಮುಂದೆ ಕೂತೆ. ನಿನಗೆ ಯಾವಾಗ ಗೊತ್ತಾಯಿತು, ನಾನು ತೋರಿಸಲೇ ಇಲ್ಲವಲ್ಲ ಅಂದೆ.

"ನೀ ವ್ಯಾನಿನಿಂದ ಇಳಿದ್ಯಲ್ಲ, ಆಗ ನಿನ್ನ ಮಕಾ ನೋಡಿದೆ" ಅಂದಳು. "ಬ್ಯಾರೆ ಯಾರರ ಇದ್ದಿದ್ರ ನೀ ಹಂಗ ಇಳೀತಿದ್ದಿಲ್ಲ. ಅಕಿ ಮಕಾ ನೋಡಿದಂಗ ಆತು ನನಗ."

"ಮತ್ತ ಆ ಸುದೀಪಂದು ದಿನಾ ಯಾಕ ನೋಡ್ತಿದ್ದಿ? ರಟ್ಟೀಹಳ್ಳಿಗೆ ಯಾಕ ಬಂದಿ?"

ಅವ್ವ ನಾಗಪ್ಪನ ಮೇಲಿನ ಹಾಲು ಒರೆಸಿದಳು.

"ಅಂವಾ ಸುಳ್ಳ ಹೇಳ್ತಾನ, ಗೊತ್ತೈತಿ. ಆದ್ರ ದಿನಾ ಅಕಿ ಹೆಸರ ತಗೀತಾನ. ನಮ್ಮ ಮನ್ಯಾಗ ಯಾರ ತಗೀತೀರಿ? ನೀ ಪಾರ್ಲರಿನಿಂದ ಬರ್ತಿ, ಉಣ್ತಿ, ಮಕ್ಕೋತಿ. ಅಕಿ ಇದ್ದಳು ಅಂತ ನಾ ಯಾರ ಕೂಡ ಮಾತಾಡ್ಲಿ?"

ನಾನು ಅತ್ತುಬಿಟ್ಟೆ. ಅವ್ವನ ತೊಡೆಯ ಮೇಲೆ ತಲೆ ಇಟ್ಟು, ಚಿಕ್ಕಂದಿನಲ್ಲೂ ಅಷ್ಟು ಅತ್ತಿರಲಿಲ್ಲ. ಅವ್ವನನ್ನು ಕಾಯುತ್ತಿದ್ದೇನೆ ಅಂದುಕೊಂಡು ಅವಳ ಬಾಯಿ ಕಟ್ಟಿದ್ದೆ.

11 ಆಗಸ್ಟ್, ಭಾನುವಾರ, ಮಧ್ಯಾಹ್ನ

ಸುದೀಪ ಬಂದಿದ್ದ. ಅವ್ವ ಸಹಿ ಮಾಡಲಿಲ್ಲ, ಉಂಡಿ ಕಟ್ಟಿಕೊಟ್ಟಳು. "ನಾಳೆ ಏನ್ ಹಾಕ್ಲಿ ಅವ್ವಾರ?" ಅಂದ, ನಿಜಕ್ಕೂ ತಿಳಿಯದೆ. "ಅಕಿ ಹಾಡ ಹಾಕಪಾ" ಅಂದಳು ಅವ್ವ.

ಊಟ ಆದ ಮೇಲೆ ಅವ್ವ ಗೋಡೆಗೆ ಒರಗಿ ಕೂತು ಹೇಳಿದಳು, "ತನೂ, ಅಕಿದು ನನಗ ಗೊತ್ತಿಲ್ಲದ್ದು ಏನರ ಹೇಳು."

ಏನು ಹೇಳಲಿ ಅಂತ ಹುಡುಕಿದೆ. ಹೇಳಿದೆ — ಅಕ್ಕ ಹತ್ತನೇ ಕ್ಲಾಸಿನಲ್ಲಿದ್ದಾಗ ಟ್ಯೂಷನ್ ಅಂತ ಸುಳ್ಳು ಹೇಳಿ ನನ್ನನ್ನು ಹಾನಗಲ್ಲಿಗೆ ಸಿನಿಮಾಕ್ಕೆ ಕರೆದುಕೊಂಡು ಹೋದದ್ದು. ಅವ್ವ ಹಣೆ ಬಡಿದುಕೊಂಡು ನಕ್ಕಳು. "ಅಯ್ಯ ಕಳ್ಳಿ! ಆಮ್ಯಾಲೆ?" ಬಸ್ ಸ್ಟ್ಯಾಂಡಿನಲ್ಲಿ ನಿಂತು ಆ ಸಿನಿಮಾದ ಹೀರೋಯಿನ್ ಅತ್ತ ಹಾಗೆ ಅತ್ತು ತೋರಿಸಿದ್ದು. ಶೇಂಗಾ ಮಾರುವ ಮುದುಕಿ ನಿಜವೆಂದು ನಂಬಿ, ಯಾಕವ್ವಾ, ಯಾರ ಬೈದ್ರು ಅಂತ ಸೆರಗಿನಿಂದ ಅವಳ ಕಣ್ಣೊರೆಸಿದ್ದು. ಅಷ್ಟರಲ್ಲಿ ಬಸ್ ಹೋಗಿಬಿಟ್ಟದ್ದು.

ಯಾರೋ ಬಂದರು, ಮಾತು ಅಲ್ಲಿಗೇ ನಿಂತಿತು. ಮರೆಯಬಾರದು ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಈಗ ಅವ್ವ ಒಳಗಿನಿಂದ ಕೂಗುತ್ತಿದ್ದಾಳೆ — ಬಸ್ಸು ಹೋತು, ಆಮ್ಯಾಲೆ? ಬಂದೆ ಅಂದೆ. ಆಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡು...